ಎಲ್ಲರಿಗೂ ಸೇರಿದ ನಕ್ಷೆ, ನೋಡೋಕೆ ಒಂದೇ ದಿನ

ದಾರಿ ತೋರಿಸೋಕೆ ಅಂತಲೇ ಹುಟ್ಟಿದ ವಸ್ತುವನ್ನು ಯಾರ ಕಣ್ಣಿಗೂ ಬೀಳದ ಹಾಗೆ ಇಡೋದು ಸುಲಭದ ಕೆಲಸ ಅಲ್ಲ. ಯುರೋಪಿನವರು ಐನೂರು ವರ್ಷ ಕಷ್ಟಪಟ್ಟು ಇದನ್ನು ಸಾಧಿಸಿದ್ದಾರೆ.

ವಸ್ತುವಿನ ಹೆಸರು ಪ್ಯೂಟಿಂಗರ್ ನಕ್ಷೆ. ರೋಮನ್ ಸಾಮ್ರಾಜ್ಯದ ರಸ್ತೆಗಳ ನಕ್ಷೆ ಇದು. ಮೂಲ ಉಳಿದಿಲ್ಲ. ಈಗ ಇರೋದು ಸುಮಾರು 1200ರ ಹೊತ್ತಿಗೆ ಯಾರೋ ಪುಣ್ಯಾತ್ಮ ಚರ್ಮದ ಹಾಳೆಗಳ ಮೇಲೆ ಮಾಡಿಟ್ಟ ನಕಲು. ಉದ್ದ ಸುಮಾರು ಏಳು ಮೀಟರ್, ಅಗಲ ಮಾತ್ರ ಮುಕ್ಕಾಲು ಮೊಳ. ಅಷ್ಟು ಸಣ್ಣ ಪಟ್ಟಿಯಲ್ಲಿ ಲೋಕವನ್ನೆಲ್ಲ ಹಿಡಿಸಬೇಕಲ್ಲ, ಮೆಡಿಟರೇನಿಯನ್ ಸಮುದ್ರವನ್ನು ಹಿಂಡಿ ಕಾಲುವೆ ಮಾಡಿದ್ದಾರೆ, ಇಟಲಿ ನುಗ್ಗೆಕಾಯಿ ಹಾಗೆ ಅಡ್ಡ ಮಲಗಿದೆ.

ನಕಲು ಮಾಡಿದವನ ನಿಷ್ಠೆ ದೊಡ್ಡದು. ಇಟಲಿಯ ಪಾಂಪೆ ಊರು ಕ್ರಿ.ಶ. 79ರಲ್ಲೇ ಜ್ವಾಲಾಮುಖಿಯ ಬೂದಿಯೊಳಗೆ ಹೋಯಿತು. ನಕ್ಷೆಯಲ್ಲಿ ಮಾತ್ರ ಗಟ್ಟಿಮುಟ್ಟಾಗಿದೆ, ಮುಂದಿನ ಊರಿಗೆ ಎಷ್ಟು ದೂರ ಅನ್ನೋ ಲೆಕ್ಕವೂ ಇದೆ. ಕಾನ್‌ಸ್ಟಾಂಟಿನೋಪಲ್ ನಗರವೋ 330ರಲ್ಲಿ ಉದ್ಘಾಟನೆ ಆದದ್ದು, ಅದೂ ಸಿಂಹಾಸನದ ಮೇಲೆ ಕೂತಿದೆ. ಅಂದರೆ ಹೊಸ ಊರು ಸೇರಿಸಿದರು, ಸತ್ತ ಊರು ತೆಗೆಯಲಿಲ್ಲ. ಮತದಾರರ ಪಟ್ಟಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ ಬಿಡಿ. ಇನ್ನು ಪಶ್ಚಿಮದ ತುದಿಯ ಹಾಳೆ ಕಳೆದುಹೋಗಿ ಬ್ರಿಟನ್ ಹೆಚ್ಚುಕಮ್ಮಿ ಪೂರ್ತಿ ಮಾಯ. ನಮ್ಮ ಪಕ್ಕದ ಕೇರಳದ ಮುಜಿರಿಸ್ ಬಂದರು ಮಾತ್ರ ಭದ್ರವಾಗಿದೆ!

ಈಗ ಅಸಲಿ ಕತೆಗೆ ಬರೋಣ. 1494ರಲ್ಲಿ ಕಾನ್ರಾಡ್ ಸೆಲ್ಟಿಸ್ ಅನ್ನೋ ಜರ್ಮನ್ ಪಂಡಿತರಿಗೆ ಇದು "ಸಿಕ್ಕಿತು". ಎಲ್ಲಿ ಸಿಕ್ಕಿತು ಅಂತ ಅವರು ಬಾಯಿ ಬಿಡಲಿಲ್ಲ. ದೇವಸ್ಥಾನದ ಹೊರಗೆ ಕೆಲವರಿಗೆ ಹೊಸ ಚಪ್ಪಲಿ ಸಿಗುತ್ತದಲ್ಲ, ಹಾಗೆ ಅಂತ ಇಟ್ಟುಕೊಳ್ಳಿ. 1508ರಲ್ಲಿ ಸಾಯೋ ಮುಂಚೆ ಉಯಿಲು ಬರೆದರು. ನಕ್ಷೆ ಗೆಳೆಯ ಪ್ಯೂಟಿಂಗರ್ ಹತ್ತಿರ ಇರಲಿ, ಅವರ ಕಾಲ ಆದ ಮೇಲೆ ಯಾವುದಾದರೂ ಗ್ರಂಥಾಲಯಕ್ಕೆ ಕೊಟ್ಟು ಸಾರ್ವಜನಿಕರ ಉಪಯೋಗಕ್ಕೆ ಇಡಿ ಅಂತ. ಎಷ್ಟು ಒಳ್ಳೆ ಮನಸ್ಸು! ತಾನು ಎತ್ತಿಕೊಂಡು ಬಂದದ್ದನ್ನು ಊರಿಗೆ ದಾನ ಮಾಡೋದು, ಅದೂ ಇನ್ನೊಬ್ಬರು ತೀರಿಕೊಂಡ ಮೇಲೆ.

ಪ್ಯೂಟಿಂಗರ್ 1547ರಲ್ಲಿ ತೀರಿಕೊಂಡರು. ನಕ್ಷೆ ಮಾತ್ರ ಅವರ ಮನೆತನದವರ ಹತ್ತಿರವೇ ಉಳಿಯಿತು. ಒಂದು ತಲೆಮಾರಲ್ಲ, ಎರಡಲ್ಲ, 1700 ದಾಟೋ ತನಕ! ಆಮೇಲೆ ಮಾರಾಟ ಆಗಿ ಸವಾಯ್‌ನ ರಾಜಕುಮಾರ ಯೂಜೀನ್ ಕೈ ಸೇರಿತು, ಅವರ ನಂತರ ವಿಯೆನ್ನಾದ ಅರಮನೆಯ ಗ್ರಂಥಾಲಯಕ್ಕೆ ಹೋಯಿತು. ತಮಾಷೆ ನೋಡಿ, ನಕ್ಷೆ ಬರೆದವರು ಪ್ಯೂಟಿಂಗರ್ ಅಲ್ಲ, ನಕಲು ಮಾಡಿದವರೂ ಅಲ್ಲ, ಹುಡುಕಿದವರೂ ಅಲ್ಲ. ಇಟ್ಟುಕೊಂಡರು, ಅಷ್ಟೇ. ಹೆಸರು ಅವರದೇ. ಎರವಲು ಪುಸ್ತಕ ವಾಪಸ್ ಕೊಡದ ನನ್ನ ಗೆಳೆಯರಿಗೆ ಇದನ್ನು ಯಾರೂ ಹೇಳಬೇಡಿ.

2007ರಲ್ಲಿ ಯುನೆಸ್ಕೊ ಇದನ್ನು ವಿಶ್ವದ ನೆನಪಿನ ಪಟ್ಟಿಗೆ ಸೇರಿಸಿತು. ಇಡೀ ಲೋಕದ ಆಸ್ತಿ ಅಂದ ಮೇಲೆ ಲೋಕಕ್ಕೆ ತೋರಿಸಬೇಕಲ್ಲವಾ? ತೋರಿಸಿದರು. ನವೆಂಬರ್ 26ಕ್ಕೆ. ಆ ಒಂದು ದಿನ. ಚರ್ಮ ತುಂಬಾ ಹಳೆಯದು, ಬೆಳಕು ತಗುಲಿದರೆ ಹಾಳಾಗುತ್ತದೆ, ಆ ಮಾತು ಒಪ್ಪೋಣ. ಆದರೂ 1508ರ ಉಯಿಲು ಜಾರಿಗೆ ಬರೋಕೆ 499 ವರ್ಷ, ಬಂದ ಮೇಲೆ ಸಂಜೆಗೇ ಬಾಗಿಲು! ನಮ್ಮ ಯಾವ ಕಚೇರಿಯ ಕಡತವೂ ಈ ದಾಖಲೆ ಮುರಿದಿರಲಾರದು.

ಪಾಪ, ಬಸ್ಸು ರೈಲು ತಪ್ಪಿ ನವೆಂಬರ್ 27ಕ್ಕೆ ವಿಯೆನ್ನಾ ಮುಟ್ಟಿದವರು ಯಾರಾದರೂ ಇದ್ದರೆ, ದಾರಿಯಲ್ಲಿ ಎಲ್ಲಿ ಎಡವಟ್ಟಾಯಿತು ಅಂತ ನಕ್ಷೆ ನೋಡಿ ತಿಳಿಯೋಕೂ ಆಗಿರಲಿಕ್ಕಿಲ್ಲ.