ಸರ್ಟಿಫಿಕೇಟ್ ಇದ್ದರೂ 13 ವರ್ಷ ಕೂಲಿ ವಿಭಾಗದಲ್ಲೇ

ಅಮೆರಿಕದ ಕಪ್ಪು ಜನರ ನಿರುದ್ಯೋಗದ ಮಾತು ಬಂದಾಗ ನಮ್ಮವರು ಥಟ್ಟನೆ ಹೇಳುವುದು ಒಂದೇ: "ಚೆನ್ನಾಗಿ ಓದಲಿ, ಕೆಲಸ ತಾನಾಗಿ ಸಿಗುತ್ತೆ." ಓದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೀಗೆ ಹೇಳುವವರು ನಾರ್ತ್ ಕೆರೊಲಿನಾದ ಒಂದು ವಿದ್ಯುತ್ ಸ್ಥಾವರದಲ್ಲಿ ಏನಾಯಿತು ಅಂತ ತಿಳಿದುಕೊಳ್ಳಬೇಕು.

ಡ್ಯೂಕ್ ಪವರ್ ಕಂಪನಿಯ ಡ್ಯಾನ್ ರಿವರ್ ಸ್ಥಾವರ ಅದು. 95 ನೌಕರರು, ಅವರಲ್ಲಿ 14 ಮಂದಿ ಕಪ್ಪು ಜನ. ಇದ್ದದ್ದು ಐದು ವಿಭಾಗ, ಕಪ್ಪು ಜನರಿಗೆ ಸಿಕ್ಕಿದ್ದು ಕೂಲಿ ವಿಭಾಗ ಮಾತ್ರ. ಅಲ್ಲಿನ ಅತಿ ಹೆಚ್ಚಿನ ಸಂಬಳವೂ ಉಳಿದ ವಿಭಾಗಗಳ ಅತಿ ಕಡಿಮೆ ಸಂಬಳವನ್ನು ಮುಟ್ಟುತ್ತಿರಲಿಲ್ಲ. ಕೆಲಸದಲ್ಲಿ ಭೇದ ಮಾಡಬಾರದು ಎಂಬ ಕಾನೂನು 1965ರ ಜುಲೈ 2ರಂದು ಜಾರಿಗೆ ಬಂತು. ಅದೇ ದಿನ ಕಂಪನಿ ಹೊಸಬರಿಗೆ ಎರಡು ಪರೀಕ್ಷೆ ಇಟ್ಟಿತು. ಕೂಲಿ ವಿಭಾಗದಿಂದ ಮೇಲೆ ಹೋಗಲು ಹೈಸ್ಕೂಲ್ ಪಾಸಾಗಿರಬೇಕು ಅಂತಲೂ ಹೇಳಿತು.

ಕೇಳಲು ನ್ಯಾಯವಾಗಿಯೇ ಇದೆ, ಅಲ್ವಾ? ಆದರೆ ಹಿಂದೆ ಸೇರಿದ್ದ ಬಿಳಿಯ ನೌಕರರು ಹೈಸ್ಕೂಲ್ ಮುಗಿಸದೆಯೇ ಅದೇ ಕೆಲಸಗಳನ್ನು ಚೆನ್ನಾಗಿ ಮಾಡುತ್ತಿದ್ದರು, ಬಡ್ತಿಯನ್ನೂ ಪಡೆಯುತ್ತಿದ್ದರು. 1960ರ ಜನಗಣತಿ ಪ್ರಕಾರ ಆ ರಾಜ್ಯದ ಬಿಳಿಯ ಗಂಡಸರಲ್ಲಿ ಶೇ. 34 ಮಂದಿ ಹೈಸ್ಕೂಲ್ ಮುಗಿಸಿದ್ದರು, ಕಪ್ಪು ಗಂಡಸರಲ್ಲಿ ಶೇ. 12 ಮಾತ್ರ. ಕಪ್ಪು ಮಕ್ಕಳನ್ನು ಪ್ರತ್ಯೇಕ ಶಾಲೆಗೆ ತಳ್ಳಿ ಕಳಪೆ ಓದು ಕೊಟ್ಟದ್ದು ಅದೇ ವ್ಯವಸ್ಥೆ. ಆಮೇಲೆ ಓದು ಸಾಲದು ಅಂದದ್ದೂ ಅದೇ ವ್ಯವಸ್ಥೆ. ನಿಜ, ಹೈಸ್ಕೂಲ್ ಮುಗಿಸದ ನೌಕರರು ಓದಲು ಹೋದರೆ ಅವರ ಫೀಸಿನಲ್ಲಿ ಮೂರನೇ ಎರಡು ಪಾಲು ಕೊಡುತ್ತೇವೆ ಎಂದೂ ಕಂಪನಿ ಹೇಳಿತ್ತು.

ಆದರೆ ನನ್ನನ್ನು ಅಲ್ಲಾಡಿಸಿದ್ದು ಇನ್ನೊಂದು ಸಂಗತಿ. ಆ ವಿಭಾಗದಿಂದ ಮೇಲೆ ಹೋದ ಮೊದಲ ಕಪ್ಪು ನೌಕರನಿಗೆ ಬಡ್ತಿ ಸಿಕ್ಕಿದ್ದು 1966ರ ಆಗಸ್ಟ್‌ನಲ್ಲಿ, ಅದೂ ಕಪ್ಪು ನೌಕರರು ಭೇದದ ದೂರು ಕೊಟ್ಟು ಐದು ತಿಂಗಳಾದ ಮೇಲೆ. ಆತ ಹೈಸ್ಕೂಲ್ ಮುಗಿಸಿದ್ದವನೇ. ಕೆಲಸಕ್ಕೆ ಸೇರಿದ್ದು 1953ರಲ್ಲಿ. ಅವನಿಗೆ ಓದಿನ ಕೊರತೆ ಎಲ್ಲಿತ್ತು?

ಅದೇ ಸ್ಥಾವರದ ಕಪ್ಪು ನೌಕರ ವಿಲ್ಲಿ ಗ್ರಿಗ್ಸ್ ಮತ್ತು ಜೊತೆಗಾರರು ಕೋರ್ಟಿಗೆ ಹೋದರು. 1971ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರ ನಿಂತಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಷರತ್ತು ಕಪ್ಪು ಜನರನ್ನು ಹೊರಗಿಡುತ್ತಿದ್ದರೆ, ಉದ್ದೇಶ ಒಳ್ಳೆಯದಿದ್ದರೂ ಅದು ತಪ್ಪು ಎಂದಿತು.

ಅದೆಲ್ಲ ಹಳೇ ಕಾಲ ಅನ್ನಬೇಡಿ. ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಬಾಸ್ಟನ್, ಶಿಕಾಗೋಗಳಲ್ಲಿ ಕೆಲಸದ ಜಾಹೀರಾತುಗಳಿಗೆ ಸುಮಾರು 5,000 ಕಾಲ್ಪನಿಕ ರೆಸ್ಯೂಮೆ ಕಳಿಸಿದರು. ಫಲಿತಾಂಶ ಪ್ರಕಟವಾದದ್ದು 2004ರಲ್ಲಿ. ಬಿಳಿಯರದು ಅನ್ನಿಸುವ ಹೆಸರಿಗೆ ಒಂದು ಕರೆ ಬರಲು 10 ಅರ್ಜಿ ಸಾಕಾದರೆ, ಕಪ್ಪು ಜನರದು ಅನ್ನಿಸುವ ಹೆಸರಿಗೆ 15 ಬೇಕಾಯಿತು. ಅನುಭವ, ಕೌಶಲ ಜಾಸ್ತಿ ಇರುವ ರೆಸ್ಯೂಮೆಯಿಂದ ಬಿಳಿಯ ಹೆಸರಿನವರಿಗೆ ಆದಷ್ಟು ಲಾಭ ಕಪ್ಪು ಹೆಸರಿನವರಿಗೆ ಆಗಲಿಲ್ಲ.

ಅದಕ್ಕೇ ನಾನು ಹೇಳುವುದು, ಶಾಲೆ ಸುಧಾರಿಸುವುದರ ಜೊತೆಗೇ ನೇಮಕದ ಷರತ್ತುಗಳನ್ನೂ ಕೆದಕಿ ನೋಡಬೇಕು. ಸಂಬಳ ಕೊಡುತ್ತಲೇ ಕೆಲಸ ಕಲಿಸುವ ಅಪ್ರೆಂಟಿಸ್‌ಶಿಪ್‌ಗಳು ಕಪ್ಪು ಯುವಕ ಯುವತಿಯರಿಗೆ ಇನ್ನೂ ಹೆಚ್ಚು ಸಿಗಬೇಕು. ಸಾಲ ಮಾಡಿ ಕಾಲೇಜಿಗೆ ಹೋಗುವುದೊಂದೇ ದಾರಿ ಆಗಬಾರದು. ಮೇರಿಲ್ಯಾಂಡ್ ರಾಜ್ಯ 2022ರಲ್ಲಿ ಸಾವಿರಾರು ಸರ್ಕಾರಿ ಹುದ್ದೆಗಳಿಗೆ ನಾಲ್ಕು ವರ್ಷದ ಡಿಗ್ರಿ ಷರತ್ತು ತೆಗೆದದ್ದು ನನಗೆ ತುಂಬಾ ಸರಿ ಅನ್ನಿಸಿತು. ಆದರೆ 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ ಗ್ರಿಗ್ಸ್ ತೀರ್ಪಿನಿಂದ ಬೆಳೆದು ಬಂದ, ಉದ್ದೇಶ ಏನೇ ಇರಲಿ ಪರಿಣಾಮದಲ್ಲಿ ಭೇದ ಆಗಬಾರದು ಎಂಬ ನಿಯಮವನ್ನು ಬಲವಾಗಿ ಜಾರಿ ಮಾಡಬೇಡಿ ಎಂದು ಇಲಾಖೆಗಳಿಗೆ ಆದೇಶ ಕೊಟ್ಟಿತು.

ಇಲ್ಲಿ ಕನ್ನಡಿಗರ ಪಾತ್ರವೂ ಇದೆ. ಭಾರತೀಯರಿಗೆ ಅಮೆರಿಕದ ದಾರಿ ಸಲೀಸಾಗಿಸಿದ ವಲಸೆ ಕಾನೂನು ಬಂದದ್ದೂ 1965ರಲ್ಲೇ, ಕಪ್ಪು ಜನರ ಹಕ್ಕಿನ ಹೋರಾಟ ಇಡೀ ದೇಶವನ್ನು ಅಲುಗಾಡಿಸಿದ್ದ ಹೊತ್ತಿನಲ್ಲಿ. ಇವತ್ತು ಅಲ್ಲಿನ ಕಂಪನಿಗಳಲ್ಲಿ ಆಳುಗಳನ್ನು ಆರಿಸುವ ಜಾಗದಲ್ಲಿ ನಮ್ಮವರೂ ಕೂತಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ: ಮುಂದಿನ ಹುದ್ದೆಗೆ ಜಾಹೀರಾತು ಹಾಕುವ ಮುಂಚೆ ಆ ಕೆಲಸಕ್ಕೆ ಡಿಗ್ರಿ ಬೇಕೇ ಬೇಕಾ ಅಂತ ಯೋಚಿಸಿ, ಬೇಡವಾದರೆ ಆ ಸಾಲನ್ನು ತೆಗೆದುಹಾಕಿ. ಅರ್ಜಿಗಳು ಬಂದಾಗ ಮೊದಲ ಸುತ್ತಿನಲ್ಲಿ ಹೆಸರು ಕಾಣದ ಹಾಗೆ ಓದಿ.