ಎಸ್ಟೋನಿಯಾದಲ್ಲಿ ‘ರೋಬೋ ನ್ಯಾಯಾಧೀಶ’ ಇಲ್ಲ: ಒಂದು ಸ್ಪಷ್ಟನೆ

‘ಎಸ್ಟೋನಿಯಾದಲ್ಲಿ 7,000 ಯೂರೋ ಒಳಗಿನ ವ್ಯಾಜ್ಯಗಳಿಗೆ ಎಐ ನ್ಯಾಯಾಧೀಶನೇ ತೀರ್ಪು ಕೊಡುತ್ತಾನೆ, ನಮ್ಮಲ್ಲಿ ಮಾತ್ರ ವಾಯಿದೆ ಮೇಲೆ ವಾಯಿದೆ’ ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು ಮಾಹಿತಿ.

ಇದರ ಮೂಲ 2019ರ ಒಂದು ಪತ್ರಿಕಾ ವರದಿ. ಅಂಥ ವ್ಯವಸ್ಥೆ ತಯಾರಾಗುತ್ತಿದೆ ಎಂದಷ್ಟೇ ಅದು ಹೇಳಿತ್ತು. ಕೈಯಿಂದ ಕೈಗೆ ದಾಟುತ್ತಾ ‘ಜಾರಿಯಲ್ಲಿದೆ’ ಎಂದಾಗಿಬಿಟ್ಟಿದೆ. ಆದರೆ 2022ರ ಫೆಬ್ರವರಿಯಲ್ಲಿ ಆ ದೇಶದ ನ್ಯಾಯ ಸಚಿವಾಲಯವೇ ಹೇಳಿಕೆ ಹೊರಡಿಸಿ, ಮನುಷ್ಯ ನ್ಯಾಯಾಧೀಶರ ಜಾಗಕ್ಕೆ ಎಐ ತರುವ ಯೋಜನೆ ಇಲ್ಲ ಎಂದು ತಿಳಿಸಿತು. ಕೋರ್ಟಿನ ಕಾರ್ಯವಿಧಾನದ ಹಂತಗಳನ್ನು ಸ್ವಯಂಚಾಲಿತಗೊಳಿಸುವ ದಾರಿಗಳನ್ನು ಹುಡುಕುತ್ತಿದ್ದೇವೆ ಎಂದೂ ಹೇಳಿತು. ಉದಾಹರಣೆಗೆ, ಬಾಕಿ ವಸೂಲಿಗೆ ಅಲ್ಲೊಂದು ಸರಳ ವಿಧಾನವಿದೆ: ಅರ್ಜಿ ಆನ್‌ಲೈನ್‌ನಲ್ಲಿ ಹೋಗುತ್ತದೆ, ಸಾಲಗಾರ ತಕರಾರು ಎತ್ತದಿದ್ದರೆ ಪಾವತಿ ಆದೇಶ ಹೊರಡುತ್ತದೆ. ತಕರಾರು ಬಂತೋ, ಪ್ರಕರಣ ಮಾಮೂಲಿ ವಿಚಾರಣೆಗೆ ಹೋಗಬಹುದು. ಗುಮಾಸ್ತೆ ಕೆಲಸ ಚುರುಕಾಗುವುದು ಸಣ್ಣ ಲಾಭವೇನಲ್ಲ. ಆದರೆ ಅದು ತೀರ್ಪಲ್ಲ.

ನಮ್ಮಲ್ಲೂ ಅಷ್ಟೇ. ಸುಪ್ರೀಂ ಕೋರ್ಟ್ 2019ರಲ್ಲಿ ತಂದ ‘ಸುವಾಸ್’ ಇಂಗ್ಲಿಷ್ ತೀರ್ಪುಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅನುವಾದಿಸಲು ನೆರವಾಗುವ ತಂತ್ರಾಂಶ. ಅನುವಾದಿತ ಪ್ರತಿಗಳಲ್ಲೇ ಒಂದು ಷರಾ ಇರುತ್ತದೆ: ಇದು ಕಕ್ಷಿದಾರರು ಅರ್ಥ ಮಾಡಿಕೊಳ್ಳಲು ಮಾತ್ರ, ಅಧಿಕೃತ ಪಠ್ಯ ಇಂಗ್ಲಿಷಿನದೇ.

ವಾಯಿದೆಗಳ ಬಗ್ಗೆ ಸಿಟ್ಟು ನ್ಯಾಯವೇ, ಅದನ್ನು ಬೇರೆಯಾಗಿ ಬರೆಯೋಣ. ಈ ಸಂದೇಶವನ್ನು ಮಾತ್ರ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.