ಕೀವರ್ಡ್ ತುರುಕಿದ್ರೆ ಸೈಟ್ ಮೇಲೆ ಬರುತ್ತಾ? ಸತ್ಯಾಂಶ ನೋಡೋಣ
ಕೀವರ್ಡ್ಸ್ ಮೆಟಾ ಟ್ಯಾಗಲ್ಲಿ (ಪೇಜ್ ಯಾವುದರ ಬಗ್ಗೆ ಅಂತ ಪದಗಳಲ್ಲಿ ಹೇಳೋಕೆ ಕೋಡಲ್ಲಿರೋ, ಓದೋರಿಗೆ ಕಾಣದ ಜಾಗ) ಸಿಕ್ಕಷ್ಟು ಪದ ತುಂಬಿದ್ರೆ ಸರ್ಚಲ್ಲೂ ಎಐ ಉತ್ತರದಲ್ಲೂ ನಿಮ್ಮ ಸೈಟೇ ಫಸ್ಟ್ ಅನ್ನೋ ಮೆಸೇಜ್ ಸುತ್ತುತ್ತಾನೇ ಇರುತ್ತೆ. ಅದು ನಿಜ ಅಲ್ಲ. 90ರ ದಶಕದಲ್ಲಿ ಈ ಟ್ಯಾಗ್‌ಗೆ ಬೆಲೆ ಇತ್ತು, ಅದಕ್ಕೇ ನಂಬೋರನ್ನ ದೂರೋಕಾಗಲ್ಲ, ಆದ್ರೆ ಸಂಬಂಧವೇ ಇಲ್ಲದ ಪದ ತುರುಕಿ ತುರುಕಿ ಜನ ಅದನ್ನ ಕೆಡಿಸಿದ್ರು, ಅತಿ ಹೆಚ್ಚು ಬಳಕೆಯಲ್ಲಿರೋ ಸರ್ಚ್ ಇಂಜಿನ್ ಗೂಗಲ್ಲೇ ರ‍್ಯಾಂಕಿಂಗಿಗೆ ಅದನ್ನ ನೋಡಲ್ಲ ಅಂತ 2009ರಲ್ಲೇ ಹೇಳಿಬಿಡ್ತು.

ನೀವೇ ಚೆಕ್ ಮಾಡಿ. ಕಂಪ್ಯೂಟರಲ್ಲಿ ಏನಾದ್ರೂ ಸರ್ಚ್ ಮಾಡಿ, ಮೇಲೆ ಬಂದ ನಾಲ್ಕೈದು ಪೇಜ್ ತೆಗೆದು ಕಂಟ್ರೋಲ್ ಯು ಒತ್ತಿ, ತೆರೆಯೋ ಸೋರ್ಸಲ್ಲಿ (ಪೇಜಿನ ಕೋಡಲ್ಲಿ) ಆ ಟ್ಯಾಗ್ ಹುಡುಕಿ, ಎಷ್ಟೋ ಕಡೆ ಇರೋದೇ ಇಲ್ಲ. ಸರ್ಚ್ ಇಂಜಿನ್‌ನವರ ಅಧಿಕೃತ ಗೈಡೂ ಫ್ರೀಯಾಗೇ ಸಿಗುತ್ತೆ. ಎಐ ಅಸಿಸ್ಟೆಂಟ್ ವೆಬ್ ಹುಡುಕಿದಾಗ ಎತ್ಕೊಳ್ಳೋದು ಹೆಚ್ಚಾಗಿ ಪೇಜಲ್ಲಿ ಕಾಣೋ ಬರಹವನ್ನೇ, ಹಾಗಾಗಿ ಸೈಟನ್ನ ಯಾವ ಪ್ರೋಗ್ರಾಮ್ ಓದಬಹುದು ಅಂತ ಹೇಳೋ ರೋಬೋಟ್ಸ್ ಫೈಲಲ್ಲಿ (robots.txt) ಅದರ ಕ್ರಾಲರನ್ನ, ಅಂದ್ರೆ ಪೇಜ್ ಓದೋಕೆ ಬರೋ ಪ್ರೋಗ್ರಾಮನ್ನ, ನೀವೇ ತಡೆದಿದ್ದೀರಾ ಅಂತ ಒಮ್ಮೆ ನೋಡ್ಕೊಳ್ಳಿ.